ಮಣಿಕಟ್ಟಿನ ಕ್ಷೇಮಸಮಾಚಾರ

ರಾತ್ರಿ ಒಂಬತ್ತೂವರೆ. ಊಟ ಮುಗಿದು, ಪಾತ್ರೆ ತೊಳೆದು, ಅಡುಗೆಮನೆಯ ದೀಪ ಆರಿಸಿದ ಮೇಲೂ ಅಮ್ಮ ಮಲಗುವುದಿಲ್ಲ. ನಡುಮನೆಯಿಂದ ಹಿತ್ತಲ ಬಾಗಿಲಿಗೆ, ಹಿತ್ತಲ ಬಾಗಿಲಿನಿಂದ ನಡುಮನೆಗೆ ನಡೆಯುತ್ತಲೇ ಇರುತ್ತಾಳೆ. ಎಡಮಂಡಿ ನೋವು, ಹೆಜ್ಜೆಯ ಸದ್ದು ಕೇಳಿದರೇ ಗೊತ್ತಾಗುತ್ತದೆ. "ಇನ್ನು ಆರುನೂರು" ಎನ್ನುತ್ತಾಳೆ. ಮೊಮ್ಮಗ ತಂದುಕೊಟ್ಟ ವಾಚಿನಲ್ಲಿ ಹತ್ತು ಸಾವಿರ ತುಂಬಿದ ಕೂಡಲೇ ಪುಟ್ಟ ಪರದೆಯ ಮೇಲೆ ಪಟಾಕಿ ಸಿಡಿಯುತ್ತದೆ, ಮಣಿಕಟ್ಟು ಒಮ್ಮೆ ಗುಂಯ್ ಎನ್ನುತ್ತದೆ. ನಿದ್ದೆ ಆಮೇಲೆ.

ವಾಚು ಬರುವ ಮುಂಚೆಯೂ ಅಮ್ಮ ನಡೆಯುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಪಾರ್ಕಿಗೆ ಹೋಗಿ ಎರಡು ಸುತ್ತು ಹಾಕಿ, ಮೂರನೆಯ ಸುತ್ತಿನ ಹೊತ್ತಿಗೆ ಕಲ್ಲುಬೆಂಚಿನ ಮೇಲೆ ಗೆಳತಿಯರ ಜೊತೆ ಕೂತುಬಿಡುತ್ತಿದ್ದಳು. ಯಾರ ಸೊಸೆ ಹೆರಿಗೆಗೆ ಹೋದಳು, ಯಾರಿಗೆ ಶುಗರ್ ಏರಿತು, ಅವರೇಕಾಯಿ ಎಷ್ಟಕ್ಕಿಳಿಯಿತು, ಎಲ್ಲ ಅಲ್ಲಿಯೇ ಇತ್ಯರ್ಥ. ಈಗ ಆ ಬೆಂಚಿನತ್ತ ಕೈಬೀಸಿ ಮುಂದೆ ಹೋಗುತ್ತಾಳೆ. ಕೂತರೆ ಲೆಕ್ಕ ನಿಲ್ಲುತ್ತದಲ್ಲ. ಡಾಕ್ಟರನ್ನು ಕೇಳಿದರೆ ನಡಿಗೆ ಹೆಚ್ಚಾಗಿದೆ, ಸಂತೋಷ. ವಾಚು ಮಾಡಿದವರನ್ನು ಕೇಳಿದರೆ ಅವರ ಸಾಮಾನು ಗೆದ್ದಿದೆ. ಅಮ್ಮ ಚೆನ್ನಾಗಿದ್ದಾಳಾ ಎಂದು ನನ್ನನ್ನು ಕೇಳಿದರೆ ಮಾತ್ರ ಉತ್ತರ ಅಷ್ಟು ಬೇಗ ಬಾಯಿಗೆ ಬರುವುದಿಲ್ಲ.

ಮನುಷ್ಯರ ನಡವಳಿಕೆಯನ್ನು ಬದಲಾಯಿಸಲೆಂದೇ ಕಟ್ಟಿದ ತಂತ್ರಜ್ಞಾನ ಇಂದು ನಮ್ಮ ಮಣಿಕಟ್ಟು, ಜೇಬು, ತಲೆದಿಂಬಿನ ಕೆಳಗೆ ಎಲ್ಲ ಕಡೆ ಇದೆ. ನಡೆ, ನೀರು ಕುಡಿ, ಸ್ಪ್ಯಾನಿಷ್ ಕಲಿ, ಗುಳಿಗೆ ನುಂಗು, ಇನ್ನೊಂದೇ ರೀಲ್ ನೋಡು, ಇನ್ನೊಂದೇ ಟ್ರಿಪ್ ಹೊಡಿ. ಇವೆಲ್ಲ ಒಂದೇ ಕುಲುಮೆಯಲ್ಲಿ ಬಡಿದ ಸಲಕರಣೆಗಳು. ಕುಡುಗೋಲೂ ಮಚ್ಚೂ ಒಂದೇ ಕುಲುಮೆಯಿಂದ ಬರುತ್ತವೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ನನ್ನ ತಕರಾರು ಬೇರೆ ಇದೆ: ಕುಡುಗೋಲು ಎಂದುಕೊಂಡದ್ದು ಸಹ ಬೆಳೆ ಕೊಯ್ದಿದೆಯೋ ಬೆರಳನ್ನೋ ಎಂದು ನೋಡಿದವರು ಕಡಿಮೆ. ನಡವಳಿಕೆ ಬದಲಾಯಿತೇ ಎಂದು ಎಣಿಸುವುದು ಸುಲಭ, ಎಣಿಸಿದ್ದಾರೆ. ಬದುಕು ಹಸನಾಯಿತೇ ಎಂದು ಕೇಳುವುದು ಕಷ್ಟ.

ಹತ್ತು ಸಾವಿರ ಎಂಬ ಅಂಕಿಯನ್ನೇ ನೋಡಿ. ಅದು ವೈದ್ಯಶಾಸ್ತ್ರದಲ್ಲಿ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಾಟಕ್ಕಿಟ್ಟಿತು. ಹೆಸರು ಮಾನ್‌ಪೊ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ದುಂಡು ಸಂಖ್ಯೆ, ಬಾಯಲ್ಲಿ ನಿಲ್ಲುವ ಹೆಸರು. ಸಾಮಾನಿನ ಹೆಸರೇ ಮುಂದೆ ಜಗತ್ತಿನ ಆರೋಗ್ಯಸೂತ್ರವಾಯಿತು. 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ 16,741 ಅಮೆರಿಕನ್ ಮಹಿಳೆಯರ ನಡಿಗೆಯನ್ನು ಅಳೆದು, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬೆನ್ನುಹತ್ತಿ ನೋಡಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ಸುಮಾರಿಗೆ ಬಂದ ಮೇಲೆ ಹೆಚ್ಚು ನಡೆದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅಮ್ಮ ರಾತ್ರಿ ಮಂಡಿ ಹಿಡಿದುಕೊಂಡು ನಡೆಯುವ ಕೊನೆಯ ಎರಡು ಸಾವಿರ ಹೆಜ್ಜೆ ಯಾರಿಗಾಗಿ ಎಂದು ನಾನು ಯೋಚಿಸುವುದು ಇದಕ್ಕೇ.

ಈ ವಿದ್ಯೆಗೆ ಒಂದು ವಂಶವೃಕ್ಷವಿದೆ. ಬುಡದಲ್ಲಿ ಬಿ.ಎಫ್. ಸ್ಕಿನ್ನರ್ ಮತ್ತು ಅವನ ಪಾರಿವಾಳಗಳು. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ ಪಾರಿವಾಳ ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುತ್ತದೆ. ಯಾವಾಗ ಬೀಳುತ್ತದೋ ತಿಳಿಯದ ಹಾಗೆ ಬಿದ್ದರೆ ಬಿಡದೆ ಕುಕ್ಕುತ್ತದೆ. 1957ರಲ್ಲಿ ಸ್ಕಿನ್ನರ್ ಮತ್ತು ಫರ್ಸ್ಟರ್ ಇದನ್ನೆಲ್ಲ ದಪ್ಪ ಪುಸ್ತಕವಾಗಿ ಬರೆದಿಟ್ಟರು. ಲಾಸ್ ವೇಗಸ್ಸಿನ ಜೂಜುಯಂತ್ರಗಳು ಅದೇ ಪಾಠವನ್ನು ಮನುಷ್ಯರ ಮೇಲೆ ಓದಿದವು. ಮಾನವಶಾಸ್ತ್ರಜ್ಞೆ ನತಾಶಾ ಡೌ ಶೂಲ್ ವರ್ಷಗಟ್ಟಲೆ ಅಲ್ಲಿನ ಆಟಗಾರರ ಜೊತೆ ಮಾತಾಡಿ 2012ರಲ್ಲಿ ಬರೆದ ಪುಸ್ತಕದಲ್ಲಿ ಬೆಚ್ಚಿಬೀಳಿಸುವ ಸಂಗತಿಯೊಂದಿದೆ. ಚಟಕ್ಕೆ ಬಿದ್ದವರು ಗೆಲ್ಲಲೆಂದು ಆಡುವುದಿಲ್ಲ, ಆಡುತ್ತಲೇ ಇರಲೆಂದು ಆಡುತ್ತಾರೆ. ಹೊತ್ತು, ಹಸಿವು, ಮನೆ, ಕೊನೆಗೆ ತಾನು ಎಂಬುದೂ ಕರಗಿಹೋಗುವ ಆ ಮಂಪರಿಗೆ ಹಂಬಲಿಸುತ್ತಾರೆ. ರಾತ್ರಿ ಹನ್ನೆರಡೂವರೆಗೆ ಹಾಸಿಗೆಯಲ್ಲಿ ರೀಲ್ಸ್ ತಳ್ಳುತ್ತಾ, ಏನು ನೋಡಿದೆ ಎಂದು ಕೇಳಿದರೆ ಹೇಳಲಾಗದೆ ಮಿಕಿಮಿಕಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕೊಂಬೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ಬಿ.ಜೆ. ಫಾಗ್ ಅಲ್ಲಿ 1998ರಲ್ಲಿ ಮನವೊಲಿಸುವ ತಂತ್ರಜ್ಞಾನಕ್ಕೆಂದೇ ಪ್ರಯೋಗಶಾಲೆ ತೆರೆದರು. 2009ರಲ್ಲಿ ಅವರು ಮುಂದಿಟ್ಟ ಸೂತ್ರ ಎಷ್ಟು ಸರಳವೆಂದರೆ ನಮ್ಮ ಅಜ್ಜಿಯರೂ ತಲೆದೂಗುತ್ತಿದ್ದರು: ಮನಸ್ಸಿರಬೇಕು, ಕೆಲಸ ಸುಲಭವಿರಬೇಕು, ಸರಿಯಾದ ಹೊತ್ತಿಗೆ ಯಾರಾದರೂ ಕರೆಯಬೇಕು. ಮೂರೂ ಕೂಡಿದರೆ ಕೆಲಸ ಆಗುತ್ತದೆ. ಬಿ.ಪಿ. ಗುಳಿಗೆಯನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಡುವುದು ಈ ಸೂತ್ರವೇ. ಕೆಂಪು ಚುಕ್ಕೆ ತೋರಿಸಿ ಆ್ಯಪ್ ತೆರೆಸುವುದೂ ಇದೇ. 2007ರಲ್ಲಿ ಫಾಗ್ ತರಗತಿಯ ವಿದ್ಯಾರ್ಥಿಗಳು ಹತ್ತು ವಾರಗಳಲ್ಲಿ ಕಟ್ಟಿದ ಫೇಸ್‌ಬುಕ್ ಆ್ಯಪ್‌ಗಳನ್ನು ಬಳಸಿದವರ ಸಂಖ್ಯೆ ಕೋಟಿ ದಾಟಿತು.

ಫಾಗ್ ಅವರ ಶಿಷ್ಯರಲ್ಲಿ ಇಬ್ಬರ ಕತೆ ಹೇಳಲೇಬೇಕು. ಮೈಕ್ ಕ್ರೀಗರ್ ಮತ್ತು ಟ್ರಿಸ್ಟನ್ ಹ್ಯಾರಿಸ್ ಸೇರಿ ಬಿಸಿಲು ಕಳಿಸುವ ಆ್ಯಪ್ ಒಂದರ ಮಾದರಿ ಮಾಡಿದ್ದರು. ಮೋಡ ಕವಿದ ಊರಿನಲ್ಲಿ ಮಂಕಾಗಿ ಕೂತ ಗೆಳೆಯನಿಗೆ ಬಿಸಿಲಿರುವ ಊರಿನ ಗೆಳೆಯ ಒಂದು ಫೋಟೊ ಕಳಿಸಬೇಕು, ಅಷ್ಟೇ. ಎಂಥ ಮುದ್ದಾದ ಯೋಚನೆ! ಕ್ರೀಗರ್ ಮುಂದೆ 2010ರಲ್ಲಿ ಇನ್‌ಸ್ಟಾಗ್ರಾಂ ಸ್ಥಾಪಕರಲ್ಲೊಬ್ಬರಾದರು. ಹ್ಯಾರಿಸ್ ಗೂಗಲ್ ಸೇರಿ, ಜನರ ಗಮನ ಕದಿಯುವುದನ್ನು ಕಡಿಮೆ ಮಾಡೋಣ ಎಂದು 2013ರಲ್ಲಿ ಸಹೋದ್ಯೋಗಿಗಳಿಗೆ ಮನವಿ ಮಾಡಿ, ಕೊನೆಗೆ ಹೊರಬಂದು ಈ ಉದ್ಯಮದ ದೊಡ್ಡ ಟೀಕಾಕಾರರಾದರು. ಇಬ್ಬರೂ ಶುರು ಮಾಡಿದ್ದು ಗೆಳೆಯನ ಮುಖದಲ್ಲಿ ನಗು ತರಿಸುವುದರಿಂದ.

ನೀತಿಯ ಪ್ರಶ್ನೆ ಆಗಲೂ ಬಂದಿತ್ತು. 1999ರಲ್ಲೇ ಇದೇ ವಲಯದ ಬರ್ಡಿಚೆವ್‌ಸ್ಕಿ ಮತ್ತು ನೊಯೆನ್‌ಶ್ವಾಂಡರ್ ಒಂದು ನಿಯಮ ಹೇಳಿದ್ದರು: ನೀವು ಸ್ವತಃ ಒಪ್ಪಲಾರದ ಒಲಿಸುವಿಕೆಯನ್ನು ಇನ್ನೊಬ್ಬರ ಮೇಲೆ ಮಾಡಬೇಡಿ. ಒಳ್ಳೆಯ ಮಾತು. ಆದರೆ ತಯಾರಕನೂ ತಾನೇ ಮಾಡಿದ ತಿಂಡಿಯನ್ನು ಚಪ್ಪರಿಸಿ ತಿನ್ನುವವನಾದರೆ ಈ ನಿಯಮದಿಂದ ಏನು ತಡೆದಂತಾಯಿತು?

ಇಲ್ಲಿಗೆ ಕ್ಷೇಮ ಅಂದರೇನು ಎಂಬ ಹಳೆಯ ಪ್ರಶ್ನೆಗೆ ಬರಬೇಕಾಗುತ್ತದೆ. ಇನ್‌ಲ್ಯಾಂಡ್ ಲೆಟರಿನ ಕಾಲದಲ್ಲಿ ಕಾಗದದ ಮೊದಲ ಸಾಲು 'ಉ. ಕು. ಸಾಂಪ್ರತ' ಎಂದೇ ಶುರುವಾಗುತ್ತಿತ್ತು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ನಾವು ಕ್ಷೇಮ, ಅಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇವೆ, ಇನ್ನು ವಿಷಯಕ್ಕೆ ಬರೋಣ. ಆ 'ಉಭಯ' ಶಬ್ದ ನನಗೆ ಇಷ್ಟ. ಆ್ಯಪ್ ಮತ್ತು ಅದನ್ನು ಬಳಸುವವರ ನಡುವೆ ನಡೆಯುತ್ತಿರುವ ಪತ್ರವ್ಯವಹಾರದಲ್ಲಿ ಒಂದು ಕಡೆಯ ಕುಶಲ ಮೂರು ತಿಂಗಳಿಗೊಮ್ಮೆ ಷೇರುಪೇಟೆಗೆ ವರದಿಯಾಗುತ್ತದೆ. ಇನ್ನೊಂದು ಕಡೆಯದನ್ನು ಯಾರು ಬರೆಯಬೇಕು?

ಮನಶ್ಶಾಸ್ತ್ರದವರು ಕ್ಷೇಮವನ್ನು ಎರಡು ದಾರಿಯಲ್ಲಿ ನೋಡುತ್ತಾರೆ. ಹಿತವೆನಿಸಿತೇ, ಬೇಸರ ಕಡಿಮೆಯಾಯಿತೇ ಎಂಬುದು ಒಂದು. ಇದನ್ನು ಸುಖ ಎನ್ನೋಣ. ಬಾಳು ತುಂಬಿದೆ ಎನಿಸುತ್ತದೆಯೇ ಎಂಬುದು ಇನ್ನೊಂದು. ಎರಡನೆಯ ದಾರಿಯಲ್ಲಿ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಕೆಲಸ ಈ ಕ್ಷೇತ್ರಕ್ಕೆ ಅಡಿಪಾಯ. ಮನುಷ್ಯನಿಗೆ ಮೂರು ಬೇಕು ಎನ್ನುತ್ತಾರೆ ಅವರು: ಮಾಡುತ್ತಿರುವುದು ತನ್ನಿಷ್ಟದಿಂದ ಎಂಬ ಅರಿವು, ತನ್ನ ಕೈಲಾಗುತ್ತದೆ ಎಂಬ ಧೈರ್ಯ, ನಮ್ಮವರು ಎಂಬ ನಂಟು. 1971ರಲ್ಲಿ ಡೆಸಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಡಿತುಂಡು ಜೋಡಿಸುವ ಆಟಕ್ಕೆ ಒಮ್ಮೆ ದುಡ್ಡು ಪಡೆದ ವಿದ್ಯಾರ್ಥಿಗಳು, ದುಡ್ಡು ನಿಂತ ಮೇಲೆ ಬಿಡುವಿದ್ದಾಗಲೂ ಅದನ್ನು ಅಷ್ಟಾಗಿ ಮುಟ್ಟಲಿಲ್ಲ. ಬಹುಮಾನ ಆಟದ ರುಚಿಯನ್ನೇ ತಿಂದುಹಾಕಿತ್ತು. ಆ್ಯಪ್‌ಗಳು ಹಂಚುವ ಬ್ಯಾಡ್ಜು, ಕಿರೀಟ, ಪಟಾಕಿಗಳನ್ನು ಕಂಡಾಗಲೆಲ್ಲ ನನಗೆ ಆ ವಿದ್ಯಾರ್ಥಿಗಳ ನೆನಪು.

ಅಮರ್ತ್ಯ ಸೇನ್ ಅರ್ಥಶಾಸ್ತ್ರದ ಕಡೆಯಿಂದ ಬಂದು ಇನ್ನೊಂದು ಬೀಗ ತೆರೆದರು. ಏಕಾದಶಿ ಉಪವಾಸ ಮಾಡುವವನ ಹೊಟ್ಟೆಗೂ ಬರಗಾಲದಲ್ಲಿ ಹಸಿದವನ ಹೊಟ್ಟೆಗೂ ಬಿದ್ದ ಅನ್ನದ ಲೆಕ್ಕ ಒಂದೇ, ಸೊನ್ನೆ. ಒಬ್ಬ ಬೇಕೆಂದರೆ ಉಣ್ಣಬಲ್ಲ, ಇನ್ನೊಬ್ಬ ಉಣ್ಣಲಾರ. (ಉಪವಾಸದ ಉದಾಹರಣೆ ಅವರದು, ಏಕಾದಶಿ ಮಾತ್ರ ನನ್ನದು.) ಹೊರಗಿನಿಂದ ಕಾಣುವ ನಡವಳಿಕೆ ನೋಡಿ ಕ್ಷೇಮ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಚೊಕ್ಕದಾದ ಮಾತನ್ನು ನಾನು ಕಂಡಿಲ್ಲ. ಫೋನ್ ಪಕ್ಕಕ್ಕಿಟ್ಟು ಕೂತವನು ನೆಮ್ಮದಿಯಿಂದಿದ್ದಾನೋ, ಡೇಟಾ ಪ್ಯಾಕ್ ಮುಗಿದು ಕೂತಿದ್ದಾನೋ, ಪರದೆಯ ಗಂಟೆ ಎಣಿಸುವ ಆ್ಯಪ್‌ಗೆ ತಿಳಿಯುವುದಿಲ್ಲ.

ತಂತ್ರಜ್ಞಾನವನ್ನು ಈ ಕನ್ನಡಿಯಲ್ಲಿ ಹಿಡಿದು ನೋಡುವ ಪ್ರಯತ್ನ ತಡವಾಗಿಯಾದರೂ ಆಗಿದೆ. 2018ರಲ್ಲಿ ಡೋರಿಯನ್ ಪೀಟರ್ಸ್, ರಫಾಯೆಲ್ ಕಾಲ್ವೊ ಮತ್ತು ರಯಾನ್ ಕೊಟ್ಟ ಚೌಕಟ್ಟಿನಲ್ಲಿ ಕ್ಷೇಮವನ್ನು ಪದರಪದರವಾಗಿ ಕೇಳುತ್ತಾರೆ: ಬಳಸಲು ತೊಡಗಿದ್ದು ಯಾಕೆ, ಪರದೆ ಹಿತವೇ, ಕೆಲಸ ಹಿತವೇ, ಆ ನಡವಳಿಕೆ ಹಿತವೇ, ಒಟ್ಟು ಬದುಕಿಗೆ ಹಿತವೇ, ಸಮಾಜಕ್ಕೆ ಹಿತವೇ. ಒಂದು ಪದರದಲ್ಲಿ ಫಸ್ಟ್ ಕ್ಲಾಸ್ ಬಂದದ್ದು ಇನ್ನೊಂದರಲ್ಲಿ ನಪಾಸಾಗಬಹುದು. ಅಮ್ಮನ ವಾಚು ಹಾಗೆಯೇ. ಪರದೆ ಅವಳಿಗೆ ಪ್ರೀತಿ, ಕನ್ನಡಕ ಇಲ್ಲದೆಯೂ ಅಂಕಿ ಕಾಣುತ್ತದೆ. ನಡೆಯುವುದು ಒಳ್ಳೆಯದೇ. ಬದುಕಿನ ಪದರಕ್ಕೆ ಬಂದಾಗ ಕಲ್ಲುಬೆಂಚು ಖಾಲಿ.

ಪುರಾವೆಗಳು ಏನನ್ನುತ್ತವೆ? ಒಂದೇ ದಿಕ್ಕಿಗೆ ಬೆರಳು ತೋರಿಸುವುದಿಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 18ರಿಂದ 35 ವಯಸ್ಸಿನ 471 ಜನರನ್ನು ಎರಡು ಗುಂಪು ಮಾಡಿ, ಎರಡು ವರ್ಷ ತೂಕ ಇಳಿಸುವ ಕಾರ್ಯಕ್ರಮ ನಡೆಸಿದರು. ಆರು ತಿಂಗಳ ನಂತರ ಒಂದು ಗುಂಪಿಗೆ ಚಲನವಲನ ಅಳೆಯುವ ಪಟ್ಟಿ ಕೊಟ್ಟರು. 2016ರಲ್ಲಿ ಫಲಿತಾಂಶ ಬಂದಾಗ ಪಟ್ಟಿ ಕಟ್ಟಿಕೊಂಡವರು ಸರಾಸರಿ 3.5 ಕಿಲೋ, ಕಟ್ಟಿಕೊಳ್ಳದವರು 5.9 ಕಿಲೋ ಇಳಿದಿದ್ದರು. ಸಾಧನ ಇಲ್ಲದವರೇ ಮೇಲು! ಅದೇ ವರ್ಷ ಜೋರ್ಡನ್ ಎಟ್ಕಿನ್ ತೋರಿಸಿದ್ದು ಇನ್ನೂ ಸೂಕ್ಷ್ಮ: ನಡಿಗೆ, ಓದು, ಚಿತ್ರಕ್ಕೆ ಬಣ್ಣ ತುಂಬುವುದನ್ನು ಎಣಿಸುತ್ತಾ ಮಾಡಿದರೆ ಜನ ಹೆಚ್ಚು ಮಾಡುತ್ತಾರೆ, ಆದರೆ ಕಡಿಮೆ ಸವಿಯುತ್ತಾರೆ. ಖುಷಿ ಕೆಲಸವಾಗಿಬಿಡುತ್ತದೆ. 2017ರಲ್ಲಿ ಅಮೆರಿಕದ ನಿದ್ರಾವೈದ್ಯರು ಹೊಸ ತೊಂದರೆಯೊಂದಕ್ಕೆ ಹೆಸರೇ ಇಡಬೇಕಾಯಿತು, ಆರ್ಥೊಸೋಮ್ನಿಯಾ. ವಾಚು ತೋರಿಸುವ ನಿದ್ದೆಯ ಅಂಕ ಸಾಲದೆಂದು ಚಿಂತಿಸಿ ಚಿಂತಿಸಿ ನಿದ್ದೆಗೆಡುವ ರೋಗಿಗಳು! ತನ್ನ ನಿದ್ದೆ ಹೇಗಾಯಿತೆಂದು ಕೈಯನ್ನು ನೋಡಿಕೊಂಡು ಹೇಳುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು.

ಜಾಲತಾಣಗಳ ಕತೆ ಇನ್ನಷ್ಟು ಗೋಜಲು. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ 6,89,003 ಬಳಕೆದಾರರಿಗೆ ಗೊತ್ತಾಗದ ಹಾಗೆ, ಕೆಲವರಿಗೆ ಕಾಣುವ ಸಂತೋಷದ ಮಾತುಗಳನ್ನೂ ಇನ್ನು ಕೆಲವರಿಗೆ ಕಾಣುವ ದುಃಖದ ಮಾತುಗಳನ್ನೂ ಕಡಿಮೆ ಮಾಡಿತು. ಅವರು ಬರೆಯುವ ಮಾತಿನ ಬಣ್ಣವೂ ಅದಕ್ಕೆ ತಕ್ಕಂತೆ ಕೂದಲೆಳೆಯಷ್ಟು ಬದಲಾಯಿತು. 2014ರಲ್ಲಿ ಇದು ಪ್ರಕಟವಾದಾಗ ಗದ್ದಲವೆದ್ದಿತು. ಪರಿಣಾಮ ಚಿಕ್ಕದು, ನಿಜ. ಕೇಳದೆ ಮಾಡಿದ್ದು ಚಿಕ್ಕದಲ್ಲ.

ಇನ್ನೊಂದು ಪ್ರಯೋಗ ಕೇಳಿ ಮಾಡಿದ್ದು. 2018ರ ಅಮೆರಿಕದ ಚುನಾವಣೆಯ ಮುಂಚೆ ಹಂಟ್ ಆಲ್ಕಾಟ್ ಮತ್ತು ಸಂಗಡಿಗರು ಕೆಲವರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಉಳಿಯಿತು. ಮನೆಯವರ, ಗೆಳೆಯರ ಜೊತೆ ಕಳೆದ ಹೊತ್ತು ಹೆಚ್ಚಿತು, ನೆಮ್ಮದಿ ತುಸು ಏರಿತು. ಜೊತೆಗೇ ಸುದ್ದಿಯ ತಿಳಿವಳಿಕೆ ಇಳಿಯಿತು. ಆಲ್ಕಾಟ್ ತಂಡದ್ದೇ 2022ರ ಲೇಖನದ ಅಂದಾಜಿನಂತೆ ಜಾಲತಾಣದಲ್ಲಿ ಕಳೆಯುವ ಸಮಯದ ಶೇ 31ರಷ್ಟು, ಬಳಸುವವರೇ ಬೇಡವೆಂದುಕೊಂಡೂ ತಡೆಯಲಾಗದೆ ಕಳೆದದ್ದು. ನನಗೆ ಮುಖ್ಯವೆನಿಸುವ ಅಂಕಿ ಇದು. ಉಳಿದ ಶೇ 69 ಅವರಿಗೆ ಬೇಕಾಗಿಯೇ ಕಳೆದದ್ದು ಎಂಬುದನ್ನೂ ಮರೆಯಬಾರದು.

ಮೊಬೈಲೇ ಮಕ್ಕಳನ್ನು ಹಾಳುಮಾಡಿತು ಎಂದು ಸಭೆಗಳಲ್ಲಿ ಮೇಜು ಗುದ್ದುವವರು ಆಮಿ ಆರ್ಬೆನ್ ಮತ್ತು ಆ್ಯಂಡ್ರೂ ಶಿಬಿಲ್‌ಸ್ಕಿ 2019ರಲ್ಲಿ ಬರೆದದ್ದನ್ನು ಓದಬೇಕು. ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದಾಗ, ಅವರ ಕ್ಷೇಮದಲ್ಲಿರುವ ವ್ಯತ್ಯಾಸದ ಪೈಕಿ ಡಿಜಿಟಲ್ ಬಳಕೆಗೆ ತಳಕು ಹಾಕಬಹುದಾದದ್ದು ಹೆಚ್ಚೆಂದರೆ ಶೇ 0.4. ಆಲೂಗಡ್ಡೆ ತಿನ್ನುವುದಕ್ಕೂ ಕ್ಷೇಮಕ್ಕೂ ಕಂಡ ನಂಟು ಹೆಚ್ಚುಕಡಿಮೆ ಅಷ್ಟೇ ಇತ್ತು. ಹಾಗೆಂದು ನಿರಾಳವಾಗಬೇಕಿಲ್ಲ, ಸರಾಸರಿ ಎಂಬುದು ಒಬ್ಬ ಮುಳುಗಿದವನನ್ನೂ ಒಬ್ಬ ಈಜಿದವನನ್ನೂ ಕೂಡಿಸಿ ಮೊಣಕಾಲುದ್ದ ನೀರು ಎನ್ನುತ್ತದೆ. ಮುಳುಗಿದವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಬರುತ್ತಾರೆ. ಅಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಹೆಸರು ಮುಚ್ಚು ಎಂದು ಕೇಳಿಸಿದರೂ ಅದರ ವಿಸ್ತರಣೆಯಲ್ಲಿರುವುದು ತಂತ್ರಜ್ಞಾನದ ಆರೋಗ್ಯಕರ ಬಳಕೆ ಎಂಬ ಮಾತು, ವರ್ಜನೆ ಅಲ್ಲ. ಕುಡಿತ ಬಿಡಿಸಿದ ಹಾಗೆ ಫೋನ್ ಬಿಡಿಸಲಾಗದು, ಪಾಠವೂ ಬ್ಯಾಂಕೂ ಅದರಲ್ಲೇ ಇವೆ.

ಕಂಪನಿಗಳೂ ಕೈಕಟ್ಟಿ ಕೂತಿಲ್ಲ. 2018ರಲ್ಲಿ ಆ್ಯಪಲ್ ಮತ್ತು ಗೂಗಲ್ ಎರಡೂ ಪರದೆಯ ಸಮಯ ತೋರಿಸುವ, ಮಿತಿ ಹಾಕುವ ಸೌಲಭ್ಯ ತಂದವು. ಗೂಗಲ್ ಅದಕ್ಕಿಟ್ಟ ಹೆಸರೇ ಡಿಜಿಟಲ್ ಕ್ಷೇಮ ಎಂಬರ್ಥದ್ದು. ಬಾಯಿ ಬೇಡವೆಂದರೂ ಮೇಲೆಮೇಲೆ ಬಡಿಸಿ, ಎಲೆಯ ಪಕ್ಕದಲ್ಲೇ ಜೀರ್ಣದ ಗುಳಿಗೆ ಇಟ್ಟ ಹಾಗೆ. ಬಡಿಸುವ ಕೈ ನಿಂತಿಲ್ಲ. ಕೊನೆಯಿಲ್ಲದ ಸ್ಕ್ರೋಲನ್ನು 2006ರಲ್ಲಿ ರೂಪಿಸಿದ ಆಜಾ ರಸ್ಕಿನ್ ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಸ್ಕ್ರೋಲು ಮಾತ್ರ ನಿಲ್ಲಲಿಲ್ಲ.

ಕಾನೂನು ಎಲ್ಲಿದೆ? ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹದಿಮೂರು ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದ್ದನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದರೆ ನಾಚಿಕೆಯಾಗುವಂತೆ ಮಾಡುವುದು, ಪದೇಪದೇ ಪೀಡಿಸುವುದು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳ ಮೇಲೆ ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ ಮರುವರ್ಷ ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾನೂನು ಮಾಡಿತು. ಇವೆಲ್ಲ ಬೇಕಾದವೇ. ಆದರೆ ಇವು ಹೆಚ್ಚಾಗಿ ಕಾಯುವುದು ಪರ್ಸನ್ನು. ಹೊತ್ತನ್ನು, ಗಮನವನ್ನು ಕಾಯುವ ನಿಯಮ ಹುಡುಕಿದರೆ ಕೈಗೆ ಸಿಗುವುದು ಅಲ್ಪ.

ಹೊತ್ತನ್ನೇ ಮಾರಿ ಬದುಕುವವರನ್ನು ನೋಡಿ. 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿದಂತೆ, ಊಬರ್ ಚಾಲಕ ಆ್ಯಪ್ ಮುಚ್ಚಲು ಹೊರಟಾಗ ಇಂತಿಷ್ಟು ಸಂಪಾದನೆಗೆ ಇನ್ನು ಕೆಲವೇ ಡಾಲರ್ ಬಾಕಿ, ನಿಜಕ್ಕೂ ನಿಲ್ಲಿಸುತ್ತೀರಾ ಎಂಬ ಸಂದೇಶ ಬರುತ್ತಿತ್ತು. ಅದೂ ಮನವೊಲಿಕೆಯೇ, ಅಮ್ಮನ "ಇನ್ನು ಆರುನೂರು" ಕೂಡ ಅದೇ ರಾಗ. ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೆ ಊಟದ ಪೊಟ್ಟಣ ತಂದ ಹುಡುಗನನ್ನು ಒಮ್ಮೆ ಮನೆಗೆ ಹೋಗೋದು ಯಾವಾಗಪ್ಪ ಎಂದು ಕೇಳಿದ್ದೆ. "ಇನ್ನೆರಡು ಆರ್ಡರ್ ಸಾರ್, ಇನ್ಸೆಂಟಿವ್ ಬೀಳುತ್ತೆ" ಎಂದ. ಆ ಎರಡು ಮುಗಿದ ಮೇಲೆ? ನಕ್ಕ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆ, ಅವರ ಕೆಲಸವನ್ನು ನಿರ್ಧರಿಸುವ ಯಂತ್ರವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿಸಬೇಕು ಎನ್ನುತ್ತದೆ. ಈ ಇಡೀ ಚರ್ಚೆಯಲ್ಲಿ ನನಗೆ ಆಸೆ ಹುಟ್ಟಿಸುವ ಸಾಲು ಅದು.

ಒಳ್ಳೆಯ ಉದ್ದೇಶದ ತಂತ್ರಜ್ಞಾನವೂ ಎಲ್ಲಿ ಎಡವುತ್ತದೆ ಎನ್ನುವುದಕ್ಕೆ ಬೆಂಗಳೂರಿನದೇ ಒಂದು ಉದಾಹರಣೆ ಇದೆ. ಇಲ್ಲಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ 99 ಡಾಟ್ಸ್ ಕ್ಷಯರೋಗಿಗಳಿಗಾಗಿ ಮಾಡಿದ್ದು. ಗುಳಿಗೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಫೋನ್ ನಂಬರು ಕಾಣುತ್ತದೆ. ಆ ನಂಬರಿಗೆ ಕಾಸಿಲ್ಲದ ಕರೆ ಮಾಡಿದರೆ ಇಂದಿನ ಗುಳಿಗೆ ನುಂಗಿದ್ದಾರೆ ಎಂದು ದಾಖಲಾಗುತ್ತದೆ. ಸ್ಮಾರ್ಟ್‌ಫೋನ್ ಬೇಡ, ಓದು ಬೇಡ. ಮಿಸ್ಡ್ ಕಾಲ್ ಕೊಟ್ಟೇ ಸಂಸಾರ ನಡೆಸಿದ ದೇಶಕ್ಕೆ ಹೇಳಿಮಾಡಿಸಿದ ಜಾಣತನ. ಆದರೆ ಚೆನ್ನೈ, ವೆಲ್ಲೂರು, ಮುಂಬೈಯಲ್ಲಿ ರೋಗಿಗಳ ಮೂತ್ರ ಪರೀಕ್ಷಿಸಿ ಕರೆಯ ದಾಖಲೆಯ ಜೊತೆ ತಾಳೆ ಹಾಕಿದಾಗ ಎರಡೂ ಸರಿಯಾಗಿ ಹೊಂದಲಿಲ್ಲ. ಗುಳಿಗೆ ನುಂಗಿದ ಕೆಲವರು ಕರೆ ಮಾಡಿರಲಿಲ್ಲ, ಕರೆ ಮಾಡಿದ ಕೆಲವರ ಮೂತ್ರದಲ್ಲಿ ಔಷಧದ ಸುಳಿವಿರಲಿಲ್ಲ. ಆದರೂ ಈ ವ್ಯವಸ್ಥೆಯನ್ನು ನಾನು ವಾಚಿಗಿಂತ ಮೇಲೆ ಇಡುತ್ತೇನೆ. ಕರೆ ಬಾರದ ರೋಗಿಗಳ ಪಟ್ಟಿ ಆರೋಗ್ಯ ಕಾರ್ಯಕರ್ತರ ಕೈಗೆ ಹೋಗುತ್ತದೆ. ಅವರು ಫೋನ್ ಮಾಡಿ ಕೇಳುತ್ತಾರೆ, ಇಲ್ಲವೇ ಮನೆಗೇ ಹೋಗುತ್ತಾರೆ. ಹೊಸಿಲಲ್ಲಿ ನಿಂತು ಆಡುವ ಆ ನಾಲ್ಕು ಮಾತು ಕಂಪ್ಯೂಟರಿನ ಯಾವ ಕಾಲಮ್ಮಿಗೂ ಸೇರುವುದಿಲ್ಲ.

ಮೊನ್ನೆ ಅಮ್ಮ ಸ್ನಾನಕ್ಕೆ ಹೋದಾಗ, ಅವಳನ್ನು ಕೇಳದೆಯೇ, ವಾಚಿನ ಗುರಿಯನ್ನು ಆರು ಸಾವಿರಕ್ಕಿಳಿಸಿಬಿಟ್ಟೆ. ಸೆಟ್ಟಿಂಗ್ ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ಎರಡು ದಿನ ಸಂಜೆ ಏಳಕ್ಕೇ ಪಟಾಕಿ ಸಿಡಿಯಿತು. ಮೂರನೆಯ ದಿನ ಅವಳು ಮೊಮ್ಮಗನಿಗೆ ಫೋನ್ ಮಾಡಿ, ಅವನು ಹೇಳಿದ ಹಾಗೆ ಒತ್ತಿ, ಎಂಟು ಸಾವಿರ ಮಾಡಿಕೊಂಡಳು. "ನನ್ನ ವಾಚು ಮುಟ್ಟಬೇಡ" ಎಂದು ನನಗೊಂದು ಮಾತೂ ಬಿತ್ತು. ಸುಮ್ಮನಿರಲಾರದೆ ಬೆಂಚಿನ ವಿಚಾರ ಎತ್ತಿದೆ.

"ಗಂಟೆಗೊಂದ್ಸಲ ಎದ್ದೇಳು ಅನ್ನತ್ತೆ ಕಣೋ" ಎಂದಳು ಮಣಿಕಟ್ಟು ನೋಡಿಕೊಳ್ಳುತ್ತಾ. "ಕೂತ್ಕೋ ಅಂತ ಇದುವರೆಗೂ ಅಂದಿಲ್ಲ."